ರಿಫಂಡ್ ಬಂತೆಂದು ಹಿಗ್ಗುವ ಮೊದಲು

2024ರ ಸೆಪ್ಟೆಂಬರ್ ನಡುವಿನ ಒಂದು ಬೆಳಗ್ಗೆ. ಮಳೆ ಸ್ವಲ್ಪ ಹೊಳವಾಗಿತ್ತು. ಇನ್ನೊಂದು ಸಲ ಬೋರ್ಡೋ ಹೊಡೆಸುವುದೋ ಬೇಡವೋ ಎಂದು ಅಡಿಕೆ ಗೊನೆ ನೋಡುತ್ತಾ ತೋಟದಲ್ಲಿ ನಿಂತಿದ್ದೆ. ಕಿಸೆಯಲ್ಲಿದ್ದ ಮೊಬೈಲು 'ಟಿಂಗ್' ಎಂದಿತು. ತೆಗೆದು ನೋಡಿದರೆ ಬ್ಯಾಂಕಿನ ಸಂದೇಶ. ನನ್ನ ಖಾತೆಗೆ 21,630 ರೂಪಾಯಿ ಜಮೆ. ಆದಾಯ ತೆರಿಗೆ ರಿಫಂಡ್!

ಸುಳ್ಳು ಯಾಕೆ ಹೇಳಬೇಕು, ತುಂಬಾ ಖುಷಿಯಾಯಿತು. ಸರಕಾರಕ್ಕೆ ಕೊಟ್ಟದ್ದು ವಾಪಸು ಬಂದದ್ದನ್ನು ನಾನಂತೂ ಅದೇ ಮೊದಲು ನೋಡಿದ್ದು. ಸಂಜೆ ಡೈರಿಗೆ ಹಾಲು ಕೊಡಲು ಹೋದಲ್ಲಿ ನೆರೆಮನೆಯ ಬಾವನಿಗೆ ಹೇಳಿದೆ. "ಭಾರೀ ಆಯ್ತು ಮಾರಾಯ, ನಿನಗೆ ಲಾಟರಿ ಹೊಡೆದ ಹಾಗೇ" ಎಂದು ಅವನು ಬೆನ್ನು ತಟ್ಟಿದ.

ಲಾಟರಿ ಅಲ್ಲ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಆ ಲೆಕ್ಕ ನಿಮಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ. ನಾನು ಲೆಕ್ಕ ಪರಿಶೋಧಕನಲ್ಲ, ನಿಮ್ಮ ಹಾಗೇ ಬೆಳೆಗಾರ. ಎಡವಿದ್ದರಿಂದ ಕಲಿತದ್ದು ಇಷ್ಟು.

ಕಡಿತ ಆದದ್ದು ಎಲ್ಲಿ?

ನಮಗೆ ಮನೆಯಿಂದ ದೂರದಲ್ಲಿ ಒಂದು ತುಂಡು ಗುಡ್ಡೆ ಜಾಗ ಇತ್ತು. ನೀರಿಲ್ಲ, ನೋಡಿಕೊಳ್ಳಲು ಜನ ಇಲ್ಲ. 2023ರ ಮಾರ್ಚಿನಲ್ಲಿ ಅದನ್ನು ಮಾರಿದೆವು. ತೋಟಕ್ಕೆ ತಾಗಿಕೊಂಡೇ ಇರುವ ಜಾಗ ಕೊಳ್ಳುವ ಅಂದಾಜಿತ್ತು. ಆದರೆ ಅದರ ಪೋಡಿ, ಅಳತೆ ಮುಗಿಯಲು ಸಮಯ ಬೇಕು ಎಂದರು. ಅಷ್ಟರವರೆಗೆ ಇರಲಿ ಎಂದು ಬಂದ ದುಡ್ಡಿನಲ್ಲಿ 30 ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟೆ. ನೂರಕ್ಕೆ 7ರ ಬಡ್ಡಿ. ಮೂರು ತಿಂಗಳಿಗೊಮ್ಮೆ 52,500 ರೂಪಾಯಿ ಉಳಿತಾಯ ಖಾತೆಗೆ ಬರಬೇಕು. ವರ್ಷಕ್ಕೆ 2,10,000. ಮಗಳ ಕಾಲೇಜು, ಹಾಸ್ಟೆಲಿನ ಖರ್ಚು ಇದರಲ್ಲೇ ಕಳೆಯುತ್ತದೆ ಎಂದು ನನ್ನ ಲೆಕ್ಕ.

ಬಂದದ್ದು ಪ್ರತಿ ಸಲ 47,250 ಮಾತ್ರ. ಪಾಸ್‌ಬುಕ್ಕಿನಲ್ಲಿ 'ಟಿಡಿಎಸ್' ಎಂದು 5,250 ಕಡಿದದ್ದು ಇತ್ತು. ನಾನು ಅದನ್ನು ಬ್ಯಾಂಕಿನ ಏನೋ ಖರ್ಚು ಎಂದುಕೊಂಡೆ. ಕೌಂಟರಿನಲ್ಲಿ ಉದ್ದ ಸಾಲು, ಕೇಳುವ ಗೋಜಿಗೆ ಹೋಗಲಿಲ್ಲ. ತಪ್ಪು ನನ್ನದೇ.

ಟಿಡಿಎಸ್ ಎಂದರೆ ಮೂಲದಲ್ಲೇ ತೆರಿಗೆ ಕಡಿತ. ಬಡ್ಡಿ ಒಂದು ಮಿತಿ ದಾಟಿದರೆ ಬ್ಯಾಂಕು ನೂರಕ್ಕೆ 10ರಂತೆ ಕಡಿದು ನಮ್ಮ ಪಾನ್ ನಂಬ್ರದ ಮೇಲೆ ಸರಕಾರಕ್ಕೆ ಕಟ್ಟುತ್ತದೆ. ನಮಗೆ ನಿಜವಾಗಿ ತೆರಿಗೆ ಬೀಳುತ್ತದೋ ಇಲ್ಲವೋ ಬ್ಯಾಂಕಿಗೆ ಗೊತ್ತಿಲ್ಲ. ನಾವು ಹೇಳದಿದ್ದರೆ ಅದು ಕಡಿಯಲೇಬೇಕು. 2023-24ರಲ್ಲಿ ಆ ಮಿತಿ ವರ್ಷಕ್ಕೆ 40,000 ರೂಪಾಯಿ, 60 ದಾಟಿದವರಿಗೆ 50,000. 2025ರ ಏಪ್ರಿಲ್ 1ರಿಂದ ಅದನ್ನು 50,000 ಮತ್ತು 1,00,000ಕ್ಕೆ ಏರಿಸಿದರು.

ಡಿಸೆಂಬರ್ ತನಕ ಮೂರು ಕಂತಿನಲ್ಲಿ ನನ್ನ 15,750 ರೂಪಾಯಿ ಹೀಗೆ ಹೋಗಿತ್ತು. ಅದೇ ಡಿಸೆಂಬರಿನಲ್ಲಿ ಮಗಳ ಫೀಸಿಗೆ ದುಡ್ಡು ಕಡಿಮೆ ಬಿತ್ತು. ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿತ್ತು. ಠೇವಣಿ ಮುರಿದರೆ ಬಡ್ಡಿ ಕಡಿಮೆ ಮಾಡುತ್ತಾರೆ. ಕೊನೆಗೆ ಮನೆಯವಳ ಎರಡು ಬಳೆ ಅಡವಿಟ್ಟು 20,000 ತಂದೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಅವಳು ಏನೂ ಹೇಳಲಿಲ್ಲ. ಬಳೆ ತೆಗೆದು ಮೇಜಿನ ಮೇಲೆ ಇಟ್ಟಳು, ಅಷ್ಟೇ.

ಮರುವರ್ಷ ಬೇಸಗೆಯಲ್ಲಿ ಬಾವ ಪಾಸ್‌ಬುಕ್ಕು ನೋಡಿ, "ಇದು ತೆರಿಗೆ ಮಾರಾಯ. ರಿಟರ್ನ್ಸ್ ಹಾಕಿದರೆ ವಾಪಸು ಸಿಗ್ತದೆ" ಎಂದ. 2024ರ ಜುಲೈಯಲ್ಲಿ ಪೇಟೆಯ ತೆರಿಗೆ ಸಲಹೆಗಾರರೊಬ್ಬರಲ್ಲಿ ಹೋದೆ. 1,000 ರೂಪಾಯಿ ಫೀಸು. ಜುಲೈ 31ರ ಗಡುವಿನ ಒಳಗೆ ಅರ್ಜಿ ಹೋಯಿತು. ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಅದು ಪಾಸಾಗಿ ಸೆಪ್ಟೆಂಬರಿನಲ್ಲಿ ಹಣ ಬಂತು.

ಲೆಕ್ಕದ ಪುಸ್ತಕ ಹೇಳಿದ್ದು

ರಿಫಂಡ್ ಬಂದ ಎರಡನೇ ದಿನ ಬಳೆ ಬಿಡಿಸಲು ಹೊರಟೆ. 9 ತಿಂಗಳಿಗೆ ಬಡ್ಡಿ 1,800. ಅಸಲು ಸೇರಿ 21,800. ನನ್ನ 'ಲಾಟರಿ' 21,630. 170 ರೂಪಾಯಿ ಕಿಸೆಯಿಂದ ಹಾಕಿದ ಮೇಲೆ ಬಳೆ ಕೈಗೆ ಬಂತು.

ಅಲ್ಲಿಂದ ಸಲಹೆಗಾರರ ಆಫೀಸಿಗೆ ಹೋಗಿ ಉಪಕಾರ ಹೇಳಿದೆ. ಅವರು ನಕ್ಕರು. "ಇದು ನಿಮ್ಮದೇ ದುಡ್ಡು. ಏಪ್ರಿಲಿನಲ್ಲಿ ಬ್ಯಾಂಕಿಗೆ ಒಂದು ಹಾಳೆ ತುಂಬಿಸಿ ಕೊಟ್ಟಿದ್ದರೆ ನೀವು ನನ್ನಲ್ಲಿಗೆ ಬರುವ ಕೆಲಸವೇ ಇರ್ಲಿಲ್ಲ" ಎಂದರು. ತಮ್ಮ ಫೀಸು ತಪ್ಪಿಹೋಗುವ ಮಾತನ್ನು ಅವರೇ ಹೇಳಿದರಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ.

ರಾತ್ರಿ ಕುಳಿತು ಬರೆದೆ. ಕಡಿದದ್ದು 21,000. ಅದರ ಮೇಲೆ ಸರಕಾರ ಕೊಟ್ಟ ಬಡ್ಡಿ 630. ಇಲಾಖೆ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿಯಂತೆ ಬಡ್ಡಿ ಕೊಡುತ್ತದೆ. ಗಡುವಿನ ಒಳಗೆ ರಿಟರ್ನ್ಸ್ ಹಾಕಿದವರಿಗೆ ಆ ಬಡ್ಡಿ ಶುರುವಾಗುವುದು ಆರ್ಥಿಕ ವರ್ಷ ಮುಗಿದ ಮೇಲಿನ ಏಪ್ರಿಲ್ 1ರಿಂದ. ಏಪ್ರಿಲಿನಿಂದ ಸೆಪ್ಟೆಂಬರ್ ಆರು ತಿಂಗಳು, ಅಂದರೆ ನೂರಕ್ಕೆ 3. ಜೂನ್ 2023ರಲ್ಲಿ ಕಡಿದ ಮೊದಲ ಕಂತು ಒಂಬತ್ತು ತಿಂಗಳು ಬಡ್ಡಿಯೇ ಇಲ್ಲದೆ ಬಿದ್ದಿತ್ತು. ಆ 630 ಕೂಡಾ ನಮ್ಮ ಆದಾಯವೇ, ಮುಂದಿನ ವರ್ಷದ ಲೆಕ್ಕಕ್ಕೆ ಅದನ್ನು ಸೇರಿಸಬೇಕು.

ನಾನು ಕೊಟ್ಟದ್ದು ಎಷ್ಟು? ಅಡವು ಸಾಲ ಪೂರ್ತಿ ಆ ಕಡಿತದಿಂದಲೇ ಆಯಿತು ಎನ್ನಲಾರೆ. 20,000ದಲ್ಲಿ 15,750ರ ಪಾಲು ಹಿಡಿದರೆ ಬಡ್ಡಿ 1,417. ಸಲಹೆಗಾರರ ಫೀಸು 1,000. ಒಟ್ಟು 2,417. ಸಿಕ್ಕಿದ 630 ಕಳೆದರೆ ನಿವ್ವಳ ನಷ್ಟ 1,787 ರೂಪಾಯಿ. ಬಸ್ಸಿನ ದುಡ್ಡು, ಹೋದ ದಿನಗಳನ್ನು ಸೇರಿಸಿಲ್ಲ.

ನನ್ನ ಹಣವನ್ನು ನಾನೇ ಅರ್ಧ ರೂಪಾಯಿ ಬಡ್ಡಿಗೆ ಸರಕಾರಕ್ಕೆ ಕೊಟ್ಟು, ನನ್ನ ಖರ್ಚಿಗೆ ಒಂದು ರೂಪಾಯಿ ಬಡ್ಡಿಗೆ ಸಾಲ ತಂದೆ. ಕೆರೆಯ ನೀರನ್ನು ಪಕ್ಕದ ಗದ್ದೆಗೆ ಬಿಟ್ಟು ಸ್ವಂತ ತೋಟಕ್ಕೆ ಟ್ಯಾಂಕರ್ ತರಿಸಿದ ಹಾಗಾಯಿತು.

'ಒಟ್ಟಿಗೆ ಬಂದರೆ ಒಂದು ಕೆಲಸಕ್ಕಾಗ್ತದೆ'

ಬಾವ ಇದನ್ನು ಒಪ್ಪಲಿಲ್ಲ. "ನಿನ್ನ ಲೆಕ್ಕ ಸರಿ ಇರಬಹುದು. ಆದರೆ ಮೂರು ತಿಂಗಳಿಗೆ ಐದು ಸಾವಿರ ಕೈಗೆ ಬಂದರೆ ಅದು ಎಲ್ಲಿಗೆ ಹೋಗ್ತದೆ ಹೇಳು? ಮದುವೆ, ಉಪನಯನ, ಪೆಟ್ರೋಲು. ಒಟ್ಟಿಗೆ ಬಂದರೆ ಒಂದು ಕೆಲಸಕ್ಕಾಗ್ತದೆ" ಎಂದ. ಹಿಂದಿನ ವರ್ಷ ತನ್ನ ರಿಫಂಡಿನಲ್ಲಿ ಅವನು ಸ್ಪ್ರೇಯರ್ ಕೊಂಡಿದ್ದ.

ಅವನ ಮಾತು ತೆಗೆದು ಹಾಕುವಂಥದ್ದಲ್ಲ. ನಮ್ಮಂಥವರ ಕೈಯಲ್ಲಿ ಬಿಡಿ ದುಡ್ಡು ನಿಲ್ಲುವುದಿಲ್ಲ. ಅಡಿಕೆ ಒಮ್ಮೆಗೇ ಕೊಟ್ಟು ದೊಡ್ಡ ಮೊತ್ತ ತಂದಾಗ ಮಾತ್ರ ಪಂಪೋ ಪೈಪೋ ಆಗುವುದು. ಸಾಲವಿಲ್ಲದ, ಕೈ ಬಿಗಿ ಇಲ್ಲದ ಮನೆಗೆ ರಿಫಂಡಿನಿಂದ ದೊಡ್ಡ ನಷ್ಟವೂ ಇಲ್ಲ.

ಆದರೆ ಒಟ್ಟು ಮಾಡುವುದೇ ಉದ್ದೇಶವಾದರೆ ಅದಕ್ಕೆ ಸೊಸೈಟಿಯಲ್ಲಿ ಆವರ್ತಿ ಠೇವಣಿ ಇದೆಯಲ್ಲ? ತಿಂಗಳಿಗೆ 1,750ರಂತೆ ಕಟ್ಟಿದರೆ ವರ್ಷಕ್ಕೆ ಅದೇ 21,000. ನೂರಕ್ಕೆ 7ರ ಬಡ್ಡಿ ಇದ್ದರೆ ಸುಮಾರು 800 ರೂಪಾಯಿ ಸೇರುತ್ತದೆ. ಮಾರ್ಚಿ ಕೊನೆಗೇ ಕೈಗೆ ಬರುತ್ತದೆ, ಸೆಪ್ಟೆಂಬರ್ ಕಾಯಬೇಕಾಗಿಲ್ಲ. ಮನೆಯಲ್ಲಿ ಕಾಯಿಲೆ ಬಿದ್ದರೆ ನಡುವಿನಲ್ಲೇ ತೆಗೆಯಬಹುದು. ಇಲಾಖೆಯ ಬಾಗಿಲಲ್ಲಿ ನಿಂತು 'ನನಗೆ ಅರ್ಜೆಂಟು' ಎಂದರೆ ಕೊಡುವವರಿಲ್ಲ.

ಇದನ್ನು ಹೇಳಿದಾಗ ಬಾವ ಸುಮ್ಮನಾದ. ಪೂರ್ತಿ ಒಪ್ಪಿದನೆಂದು ನಾನು ಹೇಳುವುದಿಲ್ಲ.

ಕೃಷಿಗೆ ಇಲ್ಲ, ಬಡ್ಡಿಗೆ ಇದೆ

ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. 'ಕೃಷಿಕರಿಗೆ ಆದಾಯ ತೆರಿಗೆ ಇಲ್ಲ. ಅಡಿಕೆ ಮಾರಿದ ದುಡ್ಡು ಠೇವಣಿ ಇಟ್ಟರೆ ಅದರ ಬಡ್ಡಿಗೂ ಇಲ್ಲ' ಎಂದು. ಕೇಂದ್ರದ ಆದಾಯ ತೆರಿಗೆಯಲ್ಲಿ ಕೃಷಿ ಆದಾಯಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಬಡ್ಡಿ ಕೃಷಿ ಆದಾಯವಲ್ಲ, ಮೂಲ ದುಡ್ಡು ಅಡಿಕೆಯದ್ದಾದರೂ ಸರಿ, ಭತ್ತದ್ದಾದರೂ ಸರಿ.

ನನಗೆ ತೆರಿಗೆ ಬೀಳದೆ ಇದ್ದದ್ದು ಬಡ್ಡಿ 2,10,000 ಮಾತ್ರ ಇದ್ದುದರಿಂದ. 2023-24ರಲ್ಲಿ ಹೊಸ ಪದ್ಧತಿಯ ಮೂಲ ವಿನಾಯಿತಿ 3 ಲಕ್ಷ. 2025-26ಕ್ಕೆ ಅದು 4 ಲಕ್ಷವಾಯಿತು. ಕೃಷಿಯೇತರ ಆದಾಯ ಈ ಮೂಲ ವಿನಾಯಿತಿಯನ್ನು ದಾಟಿದರೆ, ಕೃಷಿ ಆದಾಯ 5,000ಕ್ಕಿಂತ ಹೆಚ್ಚಿದ್ದಲ್ಲಿ, ತೆರಿಗೆಯ ದರ ನೋಡಲು ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಸಂಬಳವೂ ತೋಟವೂ ಇರುವವರು ಇದನ್ನು ಬಲ್ಲವರಲ್ಲಿ ಕೇಳಿಯೇ ಮುಂದುವರಿಯಬೇಕು.

ಇನ್ನೊಂದು ವಿಷಯ. ಕೃಷಿ ಆದಾಯ 5,000 ದಾಟಿದವರು 'ಸಹಜ್' ಎಂಬ ಸುಲಭದ ರಿಟರ್ನ್ಸ್ ಫಾರ್ಮ್ ಹಾಕುವಂತಿಲ್ಲ. ನನ್ನಂಥವರಿಗೆ ಐಟಿಆರ್-2. ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನು ಯಾವ ಜಿಲ್ಲೆ, ಎಷ್ಟು ಎಕ್ರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು. ಅಡಿಕೆ, ಕಾಳುಮೆಣಸು ಕೊಟ್ಟ ಚೀಟಿಗಳನ್ನು ಜೋಪಾನ ಮಾಡಿ ಇಡಿ.

ಸೊಸೈಟಿಯ ಠೇವಣಿಗೆ ಕಡಿಯುವುದಿಲ್ಲ ಎನ್ನುವವರಿದ್ದಾರೆ. ಚಿಕ್ಕ ಸಂಘಗಳಲ್ಲಿ ಅದು ಸರಿ. ಆದರೆ ವ್ಯವಹಾರ 50 ಕೋಟಿ ದಾಟಿದ ಸಂಘಗಳೂ ಮಿತಿ ಮೀರಿದ ಬಡ್ಡಿಗೆ ಕಡಿಯಬೇಕೆಂದು 2020ರ ಏಪ್ರಿಲಿನಿಂದ ನಿಯಮ ಬಂದಿದೆ. ಕಡಿಯದಿದ್ದರೂ ಆ ಬಡ್ಡಿ ಲೆಕ್ಕದಿಂದ ಹೊರಗಲ್ಲ.

ಆ ಒಂದು ಹಾಳೆ

ಸಲಹೆಗಾರರು ಹೇಳಿದ ಹಾಳೆ ಯಾವುದು? 60ರ ಒಳಗಿನವರಿಗೆ 15ಜಿ, 60 ತುಂಬಿದವರಿಗೆ 15ಎಚ್. 'ಈ ವರ್ಷ ನನಗೆ ತೆರಿಗೆ ಬೀಳುವುದಿಲ್ಲ, ಕಡಿಯಬೇಡಿ' ಎಂದು ನಾವು ಕೊಡುವ ಘೋಷಣೆ. ಖರ್ಚಿಲ್ಲ. ಗೊತ್ತಿರಬೇಕಾದದ್ದು ಇಷ್ಟು:

ಒಂದು, ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಏಪ್ರಿಲಿನ ಮೊದಲ ವಾರವೇ ಒಳ್ಳೆಯದು. ಒಮ್ಮೆ ಕಡಿದು ಸರಕಾರಕ್ಕೆ ಕಟ್ಟಿದ ಮೇಲೆ ಬ್ಯಾಂಕಿನವರು ವಾಪಸು ಕೊಡಲಾರರು.

ಎರಡು, ಎರಡು ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಎರಡು ಕಡೆಯೂ ಕೊಡಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಮೂರು, 15ಜಿಗೆ ಎರಡು ಷರತ್ತು. ವರ್ಷದ ತೆರಿಗೆ ಸೊನ್ನೆ ಆಗಬೇಕು. ಜೊತೆಗೆ ಬಡ್ಡಿಯ ಒಟ್ಟು ಮೊತ್ತ ಮೂಲ ವಿನಾಯಿತಿಯ ಒಳಗಿರಬೇಕು. 2025ರ ಬಜೆಟ್ಟಿನ ಮೇಲೆ '12 ಲಕ್ಷದವರೆಗೆ ತೆರಿಗೆ ಇಲ್ಲ' ಎಂದು ಎಲ್ಲರ ಬಾಯಲ್ಲೂ ಬಂತು. ಅದು ರಿಯಾಯಿತಿಯಿಂದ ಸೊನ್ನೆಯಾಗುವ ಲೆಕ್ಕ. 60ರ ಒಳಗಿನವರ ಬಡ್ಡಿ 5 ಲಕ್ಷ ಇದ್ದರೆ ತೆರಿಗೆ ಸೊನ್ನೆಯಾದರೂ 15ಜಿ ಕೊಡುವಂತಿಲ್ಲ. 15ಎಚ್‌ಗೆ ಈ ಎರಡನೇ ಷರತ್ತು ಇಲ್ಲ.

ನಾಲ್ಕು, ತೆರಿಗೆ ಬೀಳುವವರು ಬೀಳುವುದಿಲ್ಲ ಎಂದು ಬರೆದುಕೊಟ್ಟರೆ ಅದು ಅಪರಾಧ. ದಂಡವೂ ಇದೆ, ಜೈಲೂ ಇದೆ.

1961ರ ಕಾಯ್ದೆಯ ಬದಲಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಲಾಗೂ ಆಗಲು ನಿಗದಿಯಾದ ದಿನ 2026ರ ಏಪ್ರಿಲ್ 1. ನಾನು ಬರೆದದ್ದು 2025-26ರವರೆಗಿನ ಫಾರ್ಮ್ ನಂಬ್ರಗಳು. ನಂಬ್ರ ಬೇರೆಯಾದರೂ 'ಬಡ್ಡಿಯಲ್ಲಿ ತೆರಿಗೆ ಕಡಿಯಬೇಡಿ ಎಂಬ ಘೋಷಣೆ' ಎಂದು ಕೇಳಿದರೆ ಬ್ಯಾಂಕಿನವರಿಗೆ ಅರ್ಥವಾಗುತ್ತದೆ.

ಬಾರದೇ ಉಳಿದ ರಿಫಂಡ್

ನನಗಾದರೂ ವಾಪಸು ಬಂತು. ನಮ್ಮ ಊರಿನ ಹಿರಿಯರೊಬ್ಬರಿಗೆ ಬರಲಿಲ್ಲ. ಅವರ ಬಡ್ಡಿಯಲ್ಲಿ 2021-22ರಲ್ಲಿ 9,000 ಚಿಲ್ಲರೆ ಕಡಿದಿದ್ದರು. ನನ್ನದು ಬಂದ ಸುದ್ದಿ ಕೇಳಿ 2024ರಲ್ಲಿ ವಿಚಾರಿಸಿದರು. ಆ ವರ್ಷದ ರಿಟರ್ನ್ಸನ್ನು ತಡವಾಗಿಯಾದರೂ ಹಾಕಲು ಕೊನೆಯ ದಿನ 2022ರ ಡಿಸೆಂಬರ್ 31 ಆಗಿತ್ತು. ಆಮೇಲೆ ಹಾಕಬಹುದಾದ 'ಅಪ್‌ಡೇಟೆಡ್' ರಿಟರ್ನ್ಸಿನಲ್ಲಿ ತೆರಿಗೆ ಕಟ್ಟಬಹುದೇ ಹೊರತು ರಿಫಂಡ್ ಕೇಳುವ ಹಾಗಿಲ್ಲ. ವಿಳಂಬ ಮನ್ನಿಸಿ ಎಂದು ಇಲಾಖೆಯ ಮೇಲಧಿಕಾರಿಗೆ ಅರ್ಜಿ ಕೊಡಲು ದಾರಿ ಇದೆ. "ಈ ಪ್ರಾಯದಲ್ಲಿ ಒಂಬತ್ತು ಸಾವಿರಕ್ಕೆ ಯಾರು ಅಲೆಯುವುದು?" ಎಂದು ಅವರು ಕೈಬಿಟ್ಟರು.

ನನ್ನ ಅತ್ತೆಯದ್ದು ಬೇರೆ ಕತೆ. ವಯಸ್ಸು 66. ಮಾವ ತೀರಿಕೊಂಡ ಮೇಲೆ ಬಂದ 12 ಲಕ್ಷ ಠೇವಣಿಯಲ್ಲಿತ್ತು. ಅವರ ಪಾನ್ ಕಾರ್ಡಿಗೆ ಆಧಾರ್ ಜೋಡಿಸಿರಲಿಲ್ಲ. ಗಡುವು 2023ರ ಜೂನ್ 30ಕ್ಕೆ ಮುಗಿದು ಜುಲೈ 1ರಿಂದ ಅಂಥ ಪಾನ್ ನಿಷ್ಕ್ರಿಯವಾಯಿತು. ನೂರಕ್ಕೆ 10ರ ಬದಲು 20 ಕಡಿಯತೊಡಗಿದರು. ಮೂರು ತಿಂಗಳ 21,000 ಬಡ್ಡಿಯಲ್ಲಿ 4,200 ಹೋಯಿತು. ನಿಷ್ಕ್ರಿಯ ಪಾನ್ ಇಟ್ಟು 15ಎಚ್ ಕೊಟ್ಟರೂ ನಡೆಯುವುದಿಲ್ಲ. ಜೋಡಿಸುವ ತನಕ ರಿಫಂಡ್ ಕೊಡುವುದಿಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ. 1,000 ರೂಪಾಯಿ ಶುಲ್ಕ ಕಟ್ಟಿ ನನ್ನ ಮಗ ಜೋಡಿಸಿಕೊಟ್ಟ. ನಿಮ್ಮ ಮನೆಯ ಹೆಂಗಸರ, ಹಿರಿಯರ ಪಾನ್ ಕಾರ್ಡನ್ನು ಇವತ್ತೇ ನೋಡಿ.

ರಿಟರ್ನ್ಸ್ ಹಾಕಿದ ಮೇಲೆ 30 ದಿನದೊಳಗೆ ಅದನ್ನು ದೃಢೀಕರಿಸಬೇಕು. ಹಣ ಬರಬೇಕಾದ ಖಾತೆಯನ್ನು ಇಲಾಖೆಯ ಜಾಲತಾಣದಲ್ಲಿ ಮೊದಲೇ ಊರ್ಜಿತ ಮಾಡಿಸಬೇಕು. ಪಾನ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಅಲ್ಲೇ ನಿಲ್ಲುತ್ತದೆ. ಕಡಿದದ್ದು ನಿಮ್ಮ ಹೆಸರಿಗೆ ಕಟ್ಟಿದ್ದಾರೋ ಎಂದು 26ಎಎಸ್ ಎಂಬ ಪಟ್ಟಿಯಲ್ಲಿ ಕಾಣಬಹುದು.

ದೊಡ್ಡದು ಮಾಡಿಸಿ ಕೊಡುವವರು

'ನಿಮ್ಮ ರಿಫಂಡ್ ದೊಡ್ಡದು ಮಾಡಿಸ್ತೇವೆ, ಬಂದದ್ದರಲ್ಲಿ ನಮಗೊಂದು ಪಾಲು' ಎನ್ನುವವರೂ ಇದ್ದಾರೆ. ಕೊಡದ ದೇಣಿಗೆ, ಕಟ್ಟದ ವಿಮೆ, ಇಲ್ಲದ ಬಾಡಿಗೆ ತೋರಿಸುವುದು ಅವರ ವಿದ್ಯೆ. ಇಂಥ ಸುಳ್ಳು ಕಡಿತ ತೋರಿಸಿ ರಿಟರ್ನ್ಸ್ ಹಾಕಿಸುವವರನ್ನು ಹುಡುಕಿ ಇಲಾಖೆ 2025ರ ಜುಲೈಯಲ್ಲಿ ದೇಶದ ಸುಮಾರು 150 ಕಡೆ ತಪಾಸಣೆ ಮಾಡಿತು. ಅವರು ಪಾಲು ತೆಗೆದುಕೊಂಡು ಹೋಗುತ್ತಾರೆ. ನೋಟೀಸು ಬರುವುದು ನಮ್ಮ ಹೆಸರಿಗೆ. 'ರಿಫಂಡ್ ಬಂದಿದೆ, ಇಲ್ಲಿ ಒತ್ತಿ' ಎಂಬ ಸಂದೇಶವನ್ನೂ ನಂಬಬೇಡಿ. ಇಲಾಖೆ ನಮ್ಮ ಪಿನ್ನು, ಪಾಸ್‌ವರ್ಡು ಕೇಳುವುದಿಲ್ಲ.

ಹಾಗಾದರೆ ದೊಡ್ಡ ರಿಫಂಡ್ ಒಳ್ಳೆಯದೋ? ಬರಬೇಕಾದದ್ದನ್ನು ಬಿಡಬಾರದು, ಗಡುವಿನ ಒಳಗೆ ಕೇಳಿ ಪಡೆಯಲೇಬೇಕು. ಆದರೆ ವರ್ಷವೂ ದೊಡ್ಡ ರಿಫಂಡ್ ಬರುತ್ತಿದ್ದರೆ ನಮ್ಮ ಲೆಕ್ಕದಲ್ಲಿ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಪೈಪು ಸೋರಿದ ನೀರು ತೋಡಿನಲ್ಲಿ ಸಿಕ್ಕಿತೆಂದು ನಾವು ಸಂತೋಷಪಡುತ್ತೇವೆಯೇ? ಜೋಡಣೆ ಸರಿ ಮಾಡುತ್ತೇವೆ.

ನಾನು ರಿಫಂಡ್ ಬಂದ ಮರುವಾರವೇ ಹೋಗಿ 15ಜಿ ಕೊಟ್ಟೆ. ಆ ವರ್ಷ ಜೂನಿನ 5,250 ಮಾತ್ರ ಹೋಗಿತ್ತು, ಮತ್ತಿನದ್ದು ಉಳಿಯಿತು. 2025ರ ಏಪ್ರಿಲ್ ಮೊದಲ ವಾರ ಮೈಲುತುತ್ತು, ಸುಣ್ಣದ ಪಟ್ಟಿ ಮಾಡುವಾಗ ಅದೇ ಚೀಟಿಯ ತಲೆಗೆ 'ಬ್ಯಾಂಕಿಗೆ ಫಾರ್ಮ್' ಎಂದು ಬರೆದುಕೊಂಡೆ. ಬಾವನೂ ಒಟ್ಟಿಗೆ ಬಂದ. ಅವನೂ ಒಂದು ಹಾಳೆ ತುಂಬಿಸಿದ.

ಜೂನ್ ಕೊನೆಗೆ ಪಾಸ್‌ಬುಕ್ಕು ಬರೆಸಿ ತಂದು ಮನೆಯವಳಿಗೆ ತೋರಿಸಿದೆ. 52,500, ಪೂರ್ತಿ. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ಕೈಯ ಬಳೆ ನೋಡಿದಳು. "ಇದೇ ಒಳ್ಳೇದು" ಎಂದಳು.